ಕುರ್ಚಿಯ ಹಿಂದೆ ನಿಂತವನು

ಸವದತ್ತಿ ಬಸ್ಸು ಬೈಲಹೊಂಗಲ ಸ್ಟ್ಯಾಂಡಿನೊಳಗೆ ತಿರುಗುವಾಗಲೇ ವಿರೂಪಾಕ್ಷ ಓಡಿಹೋಗಿ, ಕಿಟಕಿಯಿಂದ ತನ್ನ ನೀಲಿ ಕರ್ಚೀಫನ್ನು ಇಬ್ಬರ ಸೀಟಿನ ಮೇಲೆ ಒಗೆದ. ವರ್ಷದಿಂದ ಅವನ ಬೆಳಗು ಹೀಗೇ. ಕಿಟಕಿಯ ಬದಿ ರಂಜನಾಗೆ. ಪಕ್ಕದ ಜಾಗ ಯಾರಿಗಾದರೂ ಬಿಟ್ಟುಕೊಟ್ಟು ತಾನು ಕಂಬಿ ಹಿಡಿದು ನಿಲ್ಲುತ್ತಿದ್ದ.

ಇವತ್ತು ಕೊನೆಯ ಬೆಳಗು. ಸವದತ್ತಿ ಕಾಲೇಜಿನಲ್ಲಿ ಸೈಕಾಲಜಿ ಕಲಿಸುತ್ತಿದ್ದ ರಂಜನಾ ಸೋಮವಾರ ವರ್ಗವಾಗಿ ಬೆಳಗಾವಿಗೆ ಹೊರಟಿದ್ದಳು. ಹೇಳುವುದನ್ನು ಈ ದಾರಿ ಮುಗಿಯುವುದರೊಳಗೆ ಹೇಳಬೇಕು. ಸವದತ್ತಿಯ ತನ್ನ ಮೊಬೈಲ್ ಅಂಗಡಿಯಲ್ಲಿ ದಿನವಿಡೀ ಆಡುವ ಬಾಯಿಗೆ ಈಗ ಬಂದದ್ದು ಸಿನಿಮಾದ ಮಾತು.

"ನಾ ಹೇಳಿದ್ದ ಪಿಕ್ಚರ್ ನೋಡಿದ್ರೇನ್ರಿ ಮೇಡಂ?"

"ನೋಡಿದೆ. ಏನ್ ವಿಲನ್ ರೀ! ಹೀರೋ ಇದ್ದದ್ದ ನೆನಪಿಲ್ಲ."

ಕೊಲೆ ಮಾಡಿದಲ್ಲೆಲ್ಲ ಖಾಲಿ ಕುರ್ಚಿಯೊಂದನ್ನು ಒರೆಸಿಟ್ಟು, ಅದರ ಹಿಂದೆ ಸುಮ್ಮನೆ ನಿಲ್ಲುವ ವಿಲನ್.

"ಪೊಲೀಸರು ಆಸ್ತಿ ಸಲುವಾಗಿ ಕೊಂದ ಅಂತಾರಲ್ರಿ," ಅಂದ.

"ಪೊಲೀಸರಿಗೇನ್ ಗೊತ್ತು? ಸಣ್ಣಂವ ಇದ್ದಾಗ ಅವ್ವ 'ಈಗ ಬಂದೆ' ಅಂತ ಕುರ್ಚಿಯಿಂದ ಎದ್ದು ಹೋದಾಕಿ ಬರಲೇ ಇಲ್ಲ. ಅಂವ ಕೊಂದವರನ್ನ ನೋಡ್ರಿ, ಎಲ್ಲಾರೂ ಊರು ಬಿಟ್ಟು ಹೊಂಟವರು. ಯಾರೂ ಎದ್ದು ಹೋಗಬಾರದು, ಅಷ್ಟ ಅವನ ಹಟ." ಅವಳು ತುಟಿ ಕಚ್ಚಿ ನಕ್ಕಳು. "ನಾನೂ ಊರು ಬಿಡಾಕಿ. ನಿಮ್ಮಿಂದ ನಾ ಹುಷಾರಿರಬೇಕು."

ಅವನಿಗೆ ನಗು ಬಂತು. ಎಷ್ಟು ಚೆಂದ ಓದುತ್ತಾಳೆ ಮನುಷ್ಯರನ್ನು!

"ಮತ್ತ ಒಮ್ಮಿನೂ ಅಂವ ಯಾಕ ಕುಂದ್ರಂಗಿಲ್ಲ?"

"ಕುಂತರ ಕಾಯೋದು ಮುಗೀತೈತಿ. ಬರಂಗಿಲ್ಲ ಅನ್ನಿಸಿಕೊಳ್ಳೋದಕ್ಕಿಂತ ಕಾಯಕೋತ ನಿಲ್ಲೋದು ಹಗುರ." ಅವಳ ಕಣ್ಣು ಕಂಬಿ ಹಿಡಿದ ಅವನ ಕೈ ಮೇಲೆ ತುಸು ನಿಂತು, ಮೆಲ್ಲಗೆ ಮುಖಕ್ಕೇರಿತು. "ಅಂಥವರು ಪಿಕ್ಚರ್‌ನಾಗ ಅಷ್ಟ ಇರಂಗಿಲ್ಲ."

ಅವನು ಕಿವಿಯವರೆಗೆ ಕೆಂಪಾದ.

ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಉಳವಪ್ಪ, ಪಕ್ಕದ ಸೀಟಿನಲ್ಲಿದ್ದ ಅವಳ ಬ್ಯಾಗು ನೋಡಿದ. "ಇಲ್ಲಿ ಯಾರರ ಬರವರು ಅದಾರೇನ್ರಿ ಮೇಡಂ?"

"ಅದಾರ್ರಿ. ವರ್ಷಾತು, ಇಲ್ಲೇ ನಿಂತಾರ."

ಉಳವಪ್ಪ ವಿರೂಪಾಕ್ಷನ ಭುಜ ತಟ್ಟಿದ. "ಕುಂದ್ರೋ ಮಾರಾಯಾ! ದಿನಾ ನಿನ್ನ ಕಾಲ ನೋಡಿ ನನಗ ಸುಸ್ತು."

ರಂಜನಾ ಬ್ಯಾಗು ತೊಡೆಗೆಳೆದುಕೊಂಡಳು. ವಿರೂಪಾಕ್ಷ ಕಂಬಿ ಬಿಟ್ಟು ಕೂತ. ಭುಜಕ್ಕೆ ಭುಜ ತಾಗಿತು. ಅವಳು ಸರಿಯಲಿಲ್ಲ.

"ನೀವಂದ್ರ ನನಗ ಭಾಳ ಸೇರತೈತಿ," ಅಂದ, ಮುಂದಿನ ಸೀಟಿಗೆ ಹೇಳಿದಂತೆ. "ಸೋಮವಾರ ಬೆಳಗಾವಿ ಬಸ್ಸಿಗೂ ಕರ್ಚೀಫ್ ಒಗೀಲೇನ್ರಿ?"

"ಒಗೀರಿ." ಅವಳು ನೀಲಿ ಕರ್ಚೀಫನ್ನು ಮಡಚಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. "ಬ್ಯಾರೆ ಒಂದು ತೊಗೋರಿ. ಇದು ನನ್ನದು."