ಕೂರಲಾರದ ಮಾಂತ್ರಿಕ

ನಕ್ಷೆ ಬರೆಯುವವರು ಹುಟ್ಟುವುದಕ್ಕೂ ಮೊದಲು, ಮೂರು ಬೆಟ್ಟಗಳ ಈಚೆಗೆ, ಕುಂಚಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮಕ್ಕಳ ಪುಸ್ತಕ ಮಾಡುವವರಿಗೆ ಮಂತ್ರಿಗಿಂತ ಹೆಚ್ಚು ಮರ್ಯಾದೆ. ಕಾರಣ ಇಷ್ಟೆ: ಆ ರಾಜ್ಯದಲ್ಲಿ ಪೂರ್ತಿಯಾದ ಚಿತ್ರ ಹಾಳೆಯಲ್ಲಿ ಉಳಿಯುತ್ತಿತ್ತು. ಏನಾದರೂ ಬಿಟ್ಟುಹೋದ ಚಿತ್ರ ಎದ್ದು ಹೊರಗೆ ಬರುತ್ತಿತ್ತು.

ಅಲ್ಲಿನ ಒಂದು ಊರಲ್ಲಿ ದೇಸಣ್ಣ ಕತೆ ಬರೆಯುತ್ತಿದ್ದ. ಅವನ ತಂಗಿ ಬೊಮ್ಮಕ್ಕ ಚಿತ್ರ ಬಿಡಿಸುತ್ತಿದ್ದಳು. ಅಣ್ಣ ಒಂದು ಸಾಲು ಬರೆದು ಮೂರು ಸಲ ಓದುವವನು. ತಂಗಿ ಒಂದು ಚಿತ್ರದ ಮಸಿ ಆರುವ ಮೊದಲೇ ಇನ್ನೊಂದು ಹಾಳೆ ಎಳೆಯುವವಳು.

ಒಂದು ಬೆಳಿಗ್ಗೆ ಅಣ್ಣ ಮಾಂತ್ರಿಕನ ಕತೆ ಕೊಟ್ಟ. ಊಟದ ಹೊತ್ತಿಗೆ ಚಿತ್ರ ಸಿದ್ಧ. ಕೆಂಡದಂಥ ಎರಡು ಕಣ್ಣು, ಹದ್ದಿನ ಮೂಗು, ಹತ್ತು ಬೆರಳಿಗೆ ಹತ್ತು ಉಂಗುರ, ಕೆಳಗಿನವರೆಗೆ ಇಳಿಬಿದ್ದ ಕಪ್ಪು ನಿಲುವಂಗಿ.

"ಮುಗೀತಾ?" ಎಂದ ದೇಸಣ್ಣ.

"ಮುಗೀತು."

"ಇನ್ನೊಂದ್ಸಲ ನೋಡು, ಬೊಮ್ಮಿ."

"ನೋಡಿದ್ದಾಯ್ತು ಕಣೋ. ನಿನ್ನ ಹಾಗೆ ಮೊಟ್ಟೆ ಮೇಲೆ ಕೂತ ಕೋಳಿ ಥರ ಕೂರೋಕೆ ನನಗಾಗಲ್ಲ."

ಅವಳು ಕುಂಚ ತೊಳೆದು ಬರುವಷ್ಟರಲ್ಲಿ ಹಾಳೆ ಖಾಲಿಯಾಗಿತ್ತು. ಅಣ್ಣನೂ ಇರಲಿಲ್ಲ. ಗೋಡೆಯ ಮೇಲೆ ಮಸಿಯಲ್ಲಿ ಬರೆದಿತ್ತು: 'ನನ್ನ ಕತೆಯ ಕೊನೆಯ ಸಾಲು ನಾನು ಹೇಳುತ್ತೇನೆ. ನಿನ್ನ ಅಣ್ಣ ಬರೆಯುತ್ತಾನೆ. ಸೂರ್ಯ ಮುಳುಗುವಾಗ ನಾನು ಗೆದ್ದಿರುತ್ತೇನೆ.'

ಕುಂಚಾವತಿಯಲ್ಲಿ ಕತೆಗಾರ ಬರೆದ ಕೊನೆಯ ಸಾಲು ನಿಜವಾಗುತ್ತಿತ್ತು. ಬಲವಂತಕ್ಕೆ ಬರೆದರೆ, ಬರೆದವನೇ ಆ ಸಾಲಿನ ಅಕ್ಷರವಾಗಿ ಹಾಳೆಗೆ ಅಂಟಿಹೋಗುತ್ತಿದ್ದ. ಬೊಮ್ಮಕ್ಕ ಕುಂಚ ಮತ್ತು ಮಸಿಕುಡಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಿದಳು. ದಾರಿಯ ಧೂಳಿನಲ್ಲಿ ಅಣ್ಣನ ಹೆಜ್ಜೆಗಳಿದ್ದವು. ಪಕ್ಕದಲ್ಲಿ ಬೇರೆ ಹೆಜ್ಜೆ ಒಂದೂ ಇರಲಿಲ್ಲ. ಅದನ್ನು ಯೋಚಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ.

ಏನು ಬಿಟ್ಟೆ? ಕಣ್ಣು ಎರಡು. ಬೆರಳು ಹತ್ತು. ಉಂಗುರ ಹತ್ತು. ಮತ್ತೆ ಎಣಿಸಿದಳು. ಅಷ್ಟೇ ಬಂತು.

ಮೊದಲ ಬೆಟ್ಟದ ಬುಡದಲ್ಲಿ ಒಂದು ಆನೆ ದಾರಿಗೆ ಅಡ್ಡ ನಿಂತಿತ್ತು. ಅದರ ಹೊಟ್ಟೆಯಲ್ಲಿ ಒಂದು ಬಾಗಿಲು. ಗಾಳಿ ಬೀಸಿದಾಗಲೆಲ್ಲ ಬಾಗಿಲು ಪಟಾರೆಂದು ಬಡಿಯುತ್ತಿತ್ತು.

"ನಿನ್ನನ್ನ ಬರೆದೋರು ಯಾರಪ್ಪಾ?" ಎಂದಳು ಬೊಮ್ಮಕ್ಕ.

"ಯಾರೋ ಅವಸರದವರು. ಚಿಲಕ ಇಡೋದು ಮರೆತರು. ನಿದ್ದೆ ಮಾಡಿ ನೂರು ವರ್ಷ ಆಯ್ತು. ನಿನ್ನನ್ನ ತುಳಿದು ಹಾಕು ಅಂತ ಮಾಂತ್ರಿಕ ಹೇಳಿದ್ದಾನೆ. ಸ್ವಲ್ಪ ಆ ಕಡೆ ನಿಂತ್ಕೋ, ಸರಿಯಾಗಿ ತುಳೀತೀನಿ."

"ತುಳಿಯೋದು ಆಮೇಲಾಗಲಿ. ಮೊದಲು ಅಲ್ಲಾಡದೆ ನಿಲ್ಲು."

ಅವಳು ಚಿಲಕ ಬರೆದಳು. ಬಾಗಿಲು ಮುಚ್ಚಿತು. ಮರಳಿ ಸೇರಲು ಅದರ ಹಾಳೆ ಎಂದೋ ಹರಿದುಹೋಗಿತ್ತು, ಹಾಗಾಗಿ ಆನೆ ನಿಂತಲ್ಲೇ ಗೊರಕೆ ಹೊಡೆಯಿತು. ಅದರ ಕಾಲುಗಳ ನಡುವೆ ನುಸುಳಿ ಬೊಮ್ಮಕ್ಕ ಆಚೆ ಹೋದಳು.

ಎರಡನೆಯ ಬೆಟ್ಟದ ಬುಡದಲ್ಲಿ ಒಂದು ನದಿ ಗೋಡೆಯ ಹಾಗೆ ನೆಟ್ಟಗೆ ನಿಂತು ನಡುಗುತ್ತಿತ್ತು.

"ನಿನ್ನನ್ನ ಬರೆದೋರು ಯಾರವ್ವಾ?"

"ಯಾರೋ ಅವಸರದವರು. ದಡ ಬರೀಲೇ ಇಲ್ಲ. ಆ ಕಡೆ ಹರೀಲೋ, ಈ ಕಡೆ ಹರೀಲೋ? ನಿನ್ನನ್ನ ಮುಳುಗಿಸಬೇಕಂತೆ. ಯಾವ ಕಡೆಯಿಂದ ಮುಳುಗಿಸಲಿ, ನೀನೇ ಹೇಳು!"

ಬೊಮ್ಮಕ್ಕ ಎರಡು ದಡ ಬರೆದಳು. ಉದ್ದದ ಗೆರೆಗಳು, ಮಸಿ ಬಹಳ ಖರ್ಚಾಯಿತು. ನದಿ ಉಸ್ಸೆಂದು ಮಲಗಿ ಹರಿಯತೊಡಗಿತು. ಮೊಣಕಾಲುದ್ದದ ನೀರಿನಲ್ಲಿ ಅವಳು ದಾಟಿದಳು.

ಮೂರನೆಯ ಬೆಟ್ಟದ ನೆತ್ತಿಯಲ್ಲಿ ಮಾಂತ್ರಿಕನ ಅರಮನೆ. ಅದಕ್ಕೆ ಒಂದೇ ಮೆಟ್ಟಿಲ ಸಾಲು. ಪ್ರತಿ ಮೆಟ್ಟಿಲಿಗೂ ಒಂದೊಂದು ಬಾಯಿ.

"ಹತ್ತು, ಹತ್ತು!" ಎಂದಿತು ಒಂದು.

"ಬೇಡ ಕಣಮ್ಮಾ, ಬೀಳ್ತೀಯ. ತುದಿ ಮೆಟ್ಟಿಲು ಬರೆದಿಲ್ಲ," ಎಂದಿತು ಇನ್ನೊಂದು.

"ನೀನ್ಯಾಕೆ ಹೇಳ್ದೆ? ಬೀಳೋದು ನೋಡ್ಬೇಕಿತ್ತು!"

ತುದಿಯಲ್ಲಿ ನಿಂತಾಗ ಕುಡಿಕೆಯಲ್ಲಿ ಒಂದೇ ಅದ್ದು ಮಸಿ ಉಳಿದಿತ್ತು. ಇಲ್ಲಿ ಸುರಿದರೆ ಮಾಂತ್ರಿಕನಿಗೆ ಇಲ್ಲ. ಮಾಂತ್ರಿಕನಿಗೆ ಉಳಿಸಿದರೆ ಮೇಲೆ ಹೋಗುವಂತಿಲ್ಲ. ಸೂರ್ಯ ಬೆಟ್ಟಕ್ಕೆ ತಾಗುತ್ತಿದ್ದ. ಅವಳು ತುದಿಯ ಮೆಟ್ಟಿಲನ್ನು ಬರೆದು ಕಾಲಿಟ್ಟಳು. ಬಾಯಿಗಳೆಲ್ಲ ಗಪ್‌ಚುಪ್.

ಮೇಲಿನ ಅಂಗಳದಲ್ಲಿ ದೇಸಣ್ಣ ಲೇಖನಿ ಹಿಡಿದು ಕೂತಿದ್ದ. ಅವನ ಬೆರಳ ತುದಿಗಳು ಆಗಲೇ ಕಪ್ಪಾಗಿ, ಗೆರೆಯಷ್ಟು ತೆಳ್ಳಗಾಗಿದ್ದವು. ಹಾಳೆಯ ಮೇಲೆ 'ಕೊನೆಗೆ ಮಾಂತ್ರಿಕ' ಎಂದಿತ್ತು. ಇನ್ನೊಂದು ಪದ ಬಾಕಿ. ಅವನ ಕುಡಿಕೆಯಲ್ಲೂ ಒಂದೇ ಅದ್ದು ಮಸಿ.

ಮಾಂತ್ರಿಕ ಅವನ ಸುತ್ತ ಗಿರಗಿರನೆ ಸುತ್ತುತ್ತಿದ್ದ.

"ಓಹೋ, ನನ್ನನ್ನ ಬರೆದ ಮಹಾತಾಯಿ ಬಂದಳು! ಸರಿಯಾದ ಹೊತ್ತಿಗೆ ಬಂದೆ. ಬರೆಯೋ, ದೇಸಣ್ಣಾ!"

"ಬೊಮ್ಮೀ, ನೋಡು," ಎಂದ ಅಣ್ಣ ಮೆಲ್ಲಗೆ. "ಈ ಸಲವಾದರೂ ಸರಿಯಾಗಿ ನೋಡು."

ಬೊಮ್ಮಕ್ಕ ನಿಂತಳು. ನೋಡಿದಳು. ಗಾಳಿ ಬೀಸಿತು, ನಿಲುವಂಗಿ ಮೇಲೆದ್ದಿತು. ಅದರ ಕೆಳಗೆ ಏನೂ ಇರಲಿಲ್ಲ.

ಅವಳಿಗೆ ಪಾದ ಬರೆಯಲು ಬರುತ್ತಿರಲಿಲ್ಲ. ಕುಂಚಾವತಿಯ ಬಹಳ ಚಿತ್ರಗಾರರಿಗೆ ಬರುತ್ತಿರಲಿಲ್ಲ. ಹುಲ್ಲು ಬರೆದು ಮುಚ್ಚುತ್ತಿದ್ದರು, ನೀರು ಬರೆದು ಮುಚ್ಚುತ್ತಿದ್ದರು. ಅವಳು ನಿಲುವಂಗಿ ಬರೆದು ಮುಚ್ಚಿದ್ದಳು.

"ನೀನು ಒಂದು ಸಲವಾದರೂ ಕೂತಿದ್ದೀಯಾ?" ಎಂದು ಕೇಳಿದಳು.

ಮಾಂತ್ರಿಕ ಸುತ್ತುತ್ತಲೇ ಇದ್ದ. "ಕೂರೋದಾ? ನೆಲಕ್ಕೆ ಇಳಿದರೆ ತಾನೇ ಕೂರೋದು? ಮಧ್ಯಾಹ್ನದಿಂದ ತೇಲ್ತಾನೇ ಇದ್ದೀನಿ. ಗೆದ್ದರೆ ನಿಲ್ಲಬಹುದು ಅಂತ."

"ಗೆದ್ದರೂ ನಿಲ್ಲಲ್ಲ. ಆ ಪದ ಬರೆದರೆ ಹೀಗೇ ಸುತ್ತುತ್ತಾ ರಾಜ್ಯ ಆಳ್ತೀಯ. ತಪ್ಪು ನಂದು. ನಿನಗೆ ನಾನು ಪಾದ ಕೊಡಲಿಲ್ಲ. ಆ ಮಸಿ ಕೊಟ್ಟರೆ ಈಗ ಕೊಡ್ತೀನಿ."

"ಮೋಸ ಮಾಡ್ತೀಯ!"

"ಮಸಿ ನಿನ್ನದು, ನಿರ್ಧಾರವೂ ನಿನ್ನದೇ."

ಸೂರ್ಯ ಅರ್ಧ ಮುಳುಗಿದ. ಮಾಂತ್ರಿಕ ಏಳು ಸುತ್ತು ಸುತ್ತಿದ. ಎಂಟನೆಯ ಸುತ್ತಿಗೆ ಕುಡಿಕೆಯನ್ನು ಅವಳತ್ತ ತಳ್ಳಿದ. "ಬೇಗ ಬರಿ!"

"ಬೇಗ ಬರೆಯಲ್ಲ," ಎಂದಳು ಬೊಮ್ಮಕ್ಕ. ಹುಟ್ಟಿದ ಮೇಲೆ ಮೊದಲ ಸಲ ಅವಳು ನಿಧಾನವಾಗಿ ಗೆರೆ ಎಳೆದಳು.

ಮಾಂತ್ರಿಕ ಬಗ್ಗಿ ನೋಡಿಕೊಂಡ. "ಇದೇನಿದು? ಬಾತುಕೋಳಿ ಪಾದ!"

"ನನಗೆ ಬರೋದು ಇದೊಂದೇ."

ಅವನು ಶಪಿಸಲು ಬಾಯಿ ತೆರೆದ. ಅಷ್ಟರಲ್ಲಿ ಪಾದಗಳು ಪಚಕ್ ಎಂದು ನೆಲಕ್ಕೆ ತಾಗಿದವು. ಅವನು ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಆಮೇಲೆ ಅಂಗಳದ ಕಲ್ಲಿನ ಮೇಲೆ ಮೆಲ್ಲಗೆ ಕೂತ.

"ಆಹಾ," ಎಂದ. "ಕೂರೋದು ಅಂದ್ರೆ ಇದಾ!"

ಪೂರ್ತಿಯಾದ ಚಿತ್ರ ಹಾಳೆ ಸೇರಿತು. ಅರಮನೆ ಮಂಜಿನ ಹಾಗೆ ಕರಗಿತು. ದೇಸಣ್ಣನ ಬೆರಳುಗಳು ಮತ್ತೆ ತುಂಬಿಕೊಂಡವು. ಅವನು 'ಕೊನೆಗೆ ಮಾಂತ್ರಿಕ' ಎಂಬುದರ ಮುಂದಿನ ಪದವನ್ನು ಮನೆಗೆ ಹೋಗಿ ತನ್ನ ಇಷ್ಟದಂತೆ ಬರೆದ: 'ಕೂತ.'

ಕುಂಚಾವತಿಯ ಮಕ್ಕಳು ಆ ಪುಟವನ್ನು ಎಷ್ಟು ಸಲ ತೆರೆದರೆಂದರೆ ಅದರ ಮೂಲೆ ಸವೆದುಹೋಯಿತು. ಅಣ್ಣತಂಗಿಯರು ಬಹುಕಾಲ ಚೆನ್ನಾಗಿ ಬಾಳಿದರು, ಬಹಳ ಪುಸ್ತಕ ಮಾಡಿದರು. ಬೊಮ್ಮಕ್ಕ ಕೊನೆಗೂ ಮನುಷ್ಯರ ಪಾದ ಬರೆಯಲು ಕಲಿತಳು. ಆದರೆ ಮಾಂತ್ರಿಕನ ಪಾದ ತಿದ್ದಲು ಹೋದಾಗ, ಅವನು ಹಾಳೆಯೊಳಗಿಂದಲೇ ನಿಲುವಂಗಿ ಎಳೆದುಕೊಂಡು ಮುಚ್ಚಿಕೊಂಡ.