ಮೀಸೆ ಇರುವ ಯಾರೋ

"ಮೂಗು ಇನ್ನೂ ದಪ್ಪ ಮಾಡೋ! ಅಷ್ಟು ಸಾಲಲ್ಲ," ಅಂದಳು ಬುಗುರಿ.

ಗುಂಡು ಸೀಮೆಸುಣ್ಣ ಒತ್ತಿ ಹಿಡಿದು, ತಾರಸಿಯ ಕರೀ ನೀರಿನ ಟ್ಯಾಂಕಿನ ಮೇಲೆ ಬದನೆಕಾಯಿ ಗಾತ್ರದ ಮೂಗು ಬರೆದ. ಆಮೇಲೆ ಎರಡು ಕೋರೆಹಲ್ಲು. ಆಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಮೀಸೆ.

"ಒನ್, ಟೂ, ತ್ರೀ!"

ಬುಗುರಿ ಒದ್ದೆ ಸಾಕ್ಸ್ ಬೀಸಿ ಎಸೆದಳು. ಚಪಾಕ್! ಸರಿಯಾಗಿ ಮೂಗಿನ ಮೇಲೆ. ಗುಂಡು ಕುಣಿದಾಡಿದ. "ಬಿತ್ತು! ಯಾರೋಗೆ ಬಿತ್ತು!"

ಈ ಯಾರೋ ಯಾರು ಅಂತ ಹೇಳಬೇಕಲ್ಲ. ಹೋದ ವಾರ ಮೇಲಿನ ಮನೆಯ ಓನರ್ ಅಜ್ಜಿ ಮಂಡಿ ಹಿಡಿದುಕೊಂಡು ಕೆಳಗಿಳಿದು ಬಂದರು. ಬಾಗಿಲಲ್ಲೇ ನಿಂತು ಅಮ್ಮನಿಗೆ ಹೇಳಿದರು. "ಯಾರೋ ಜಾಸ್ತಿ ಬಾಡಿಗೆ ಕೊಡ್ತೀವಿ ಅಂದ್ರು ಕಣಮ್ಮಾ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿಕೊಡಿ. ನನ್ನ ಮಂಡಿ ಆಪರೇಷನ್ನೂ ಆಗಬೇಕು ನೋಡು."

ಒಂದನೇ ಕ್ಲಾಸಿನ ಗುಂಡು ಅದು ಒಬ್ಬ ಮನುಷ್ಯನ ಹೆಸರು ಅಂದುಕೊಂಡ. "ಯಾರೋ ಅಂಕಲ್‌ಗೆ ಮೀಸೆ ಇದ್ಯಾ ಅಜ್ಜಿ?" ಅಂತ ಕೇಳಿಯೂ ಬಿಟ್ಟ. ಅಜ್ಜಿಗೆ ತಲೆಬುಡ ಅರ್ಥವಾಗಲಿಲ್ಲ. "ಇರಬಹುದೇನೋ ಕಂದಾ," ಅಂದರು. ಅಲ್ಲಿಗೆ ಮೀಸೆ ಗ್ಯಾರಂಟಿ ಆಯಿತು.

ಅವನ ಅಕ್ಕ ಐದನೇ ಕ್ಲಾಸು. ಒಂದು ಕಡೆ ನಿಲ್ಲುವ ಹುಡುಗಿಯೇ ಅಲ್ಲ, ಅದಕ್ಕೇ ಮನೆಯಲ್ಲೂ ಸ್ಕೂಲಲ್ಲೂ ಅವಳು ಬುಗುರಿ. ಯಾರೋ ಅನ್ನುವುದು ಹೆಸರಲ್ಲ ಅಂತ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಬೈಯೋಕೆ ಒಬ್ಬರು ಬೇಕಲ್ಲ!

ಬೈಯದೆ ಇನ್ನೇನು ಮಾಡ್ತಾಳೆ? ಹತ್ತಿರದಲ್ಲಿ ಮನೆ ಸಿಗದಿದ್ದರೆ ಊರಾಚೆ ಚಿಕ್ಕಪ್ಪನ ಮನೆಗೆ ಹೋಗಬೇಕು. ಅಲ್ಲಿಂದ ಈ ಸ್ಕೂಲಿಗೆ ಬರೋಕಾಗಲ್ಲ. ಅಂದರೆ ಸ್ಕೂಲ್ ಬಿಡಬೇಕು. ಫ್ರೆಂಡ್ಸ್ ಬಿಡಬೇಕು. ಈ ವರ್ಷ ತಾನೇ ಅವಳನ್ನು ರಿಲೇ ಟೀಮಿಗೆ ಸೇರಿಸಿಕೊಂಡಿದ್ದರು, ಅದೂ ಕೊನೆಯ ಓಟಕ್ಕೆ! ಅದನ್ನೂ ಬಿಡಬೇಕು. ನೆನೆಸಿಕೊಂಡರೆ ಅಳು ಒತ್ತರಿಸಿ ಬರುತ್ತಿತ್ತು.

ತಪ್ಪು ಯಾರದ್ದು ಅಂತ ಕಂಡುಹಿಡಿದೇ ತೀರಬೇಕು ಅಂತ ಅವಳು ಪತ್ತೇದಾರಿಗೆ ಇಳಿದಳು. ಮೂಲೆಯ ದಿನಸಿ ಅಂಗಡಿ ಅಂಕಲ್, "ಎಲ್ಲಾ ಆ ಹೊಸ ಬಿಲ್ಡಿಂಗ್‌ನೋರು ಬಂದಮೇಲೆ ಶುರುವಾಗಿದ್ದು. ನನ್ನ ಅಂಗಡಿ ಬಾಡಿಗೆನೂ ಏರಿಸಿದಾರೆ, ಗೊತ್ತಾ?" ಅಂದರು. ಹೊಸ ಬಿಲ್ಡಿಂಗಿನ ವಾಚ್‌ಮನ್ ತಾತ, "ನನ್ನನ್ನೇನು ಕೇಳ್ತೀಯಮ್ಮಾ, ನಾನಿರೋದೇ ಮೆಟ್ಟಿಲ ಕೆಳಗೆ," ಅಂತ ನಕ್ಕರು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಅವನನ್ನೂ ಊಟಕ್ಕೆ ಕೂತಾಗ ಹಿಡಿದುಕೊಂಡಳು.

"ಆ ಹೊಸ ಬಿಲ್ಡಿಂಗಲ್ಲಿ ಲಿಫ್ಟಿಗೆ ಗ್ರೀಸ್ ಹಾಕಿ ಹಾಕಿ ಸಾಕಾಗಿದೆ," ಅಂದ ಅಪ್ಪ. "ಹತ್ತೋಕೆ ಜನಾನೇ ಇಲ್ಲ. ಅರ್ಧಕ್ಕರ್ಧ ಮನೆಗೆ ಬೀಗ."

"ಹಂಗಾದ್ರೆ ಅಲ್ಲಿಗೇ ಹೋಗೋಣ!"

"ಬಾಡಿಗೆಗೆ ಕೊಡಲ್ವಂತೆ ಪುಟ್ಟಾ. ರೇಟ್ ಏರಲಿ ಅಂತ ಕೊಂಡು ಹಾಗೇ ಇಟ್ಟಿದಾರೆ."

"ಯಾರು?"

"ಯಾರೋ," ಅಂದ ಅಪ್ಪ.

ಗುಂಡುವಿನ ಕಣ್ಣು ಅಗಲವಾಯಿತು. "ಅಲ್ಲೂ ಅವನೇನಾ!"

ಅಮ್ಮನಿಗೆ ನಗು ತಡೆಯಲಾಗದೆ ತುತ್ತು ನೆತ್ತಿಗೇರಿತು. ಎಷ್ಟೋ ದಿನದ ಮೇಲೆ ಅಮ್ಮ ಹಾಗೆ ನಕ್ಕಿದ್ದು.

ಮನೆ ಮಾತ್ರ ಸಿಗಲಿಲ್ಲ. ಒಂದು ಕಡೆ ಬೆಳಕಿಲ್ಲ, ಒಂದು ಕಡೆ ನೀರಿಲ್ಲ. ಎರಡೂ ಇದ್ದ ಕಡೆ ಬಾಡಿಗೆ ಕೇಳಿ ಅಪ್ಪ ಬಂದ ದಾರಿಯಲ್ಲೇ ವಾಪಸ್ಸು.

ಒಂದು ಸಂಜೆ ಬುಗುರಿ ರಿಲೇ ಪ್ರಾಕ್ಟೀಸ್ ಮುಗಿಸಿ ಸ್ಕೂಲಿನ ಹಿಂದಿನ ಗಲ್ಲಿಯಲ್ಲಿ ಬರುತ್ತಿದ್ದಳು. ಹಸಿರು ಗೇಟಿನ ಎದುರು ಒಬ್ಬರು ಸ್ಟೂಲ್ ಹತ್ತಿ ನಿಂತಿದ್ದರು. ಮುಂದಿನ ಬೀದಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಸರ್! ಗೇಟಿಗೆ ಒಂದು ಬೋರ್ಡ್ ಕಟ್ಟುತ್ತಿದ್ದರು.

'ಮನೆ ಬಾಡಿಗೆಗಿದೆ.' ಕೆಳಗೆ ಫೋನ್ ನಂಬರು.

ಬುಗುರಿ ಅಲ್ಲೇ ನಿಂತುಬಿಟ್ಟಳು. ತಲೆ ಎತ್ತಿ ನೋಡಿದಳು. ಬಾಲ್ಕನಿ! ಬಿಸಿಲು ಬೇರೆ ಬೀಳುತ್ತಿದೆ! ತಂತಿಯ ಮೇಲೆ ಅವಳ ಸ್ಕೂಲಿನದೇ ಯೂನಿಫಾರ್ಮ್ ಒಣಗುತ್ತಿತ್ತು. ನೋಡಿದೆಯಾ, ಸ್ಕೂಲಿಗೆ ಎಷ್ಟು ಹತ್ತಿರ ಅಂತ ಅವಳಿಗೆ ಇನ್ನೂ ಖುಷಿಯಾಯಿತು.

ಬರೆದುಕೊಳ್ಳೋಣ ಅಂದರೆ ಪೆನ್ನಿಲ್ಲ. ನಂಬರನ್ನು ಬಾಯಲ್ಲಿ ಜಪ ಮಾಡುತ್ತಾ, ಎದ್ದೆನೋ ಬಿದ್ದೆನೋ ಅಂತ ಓಡಿದಳು. ಅಂಗಡಿ ಅಂಕಲ್, "ಏನಮ್ಮಾ ಬುಗುರಿ, ಎಲ್ಲಿಗೆ ಈ ಓಟ?" ಅಂದರು. ಅಯ್ಯೋ, ಮಾತಾಡಿದರೆ ನಂಬರು ಮರೆತುಹೋಗುತ್ತೆ! ಉತ್ತರದ ಬದಲು ಅವರಿಗೂ ನಂಬರನ್ನೇ ಕೂಗಿ ಹೇಳಿ ಮುಂದೆ ಓಡಿದಳು. ಅವರು ಕಕ್ಕಾಬಿಕ್ಕಿಯಾಗಿ ನಿಂತರು.

ಮನೆಯೊಳಗೆ ನುಗ್ಗಿ, ಏದುಸಿರು ಬಿಡುತ್ತಾ, ಅಪ್ಪನ ಕಿವಿಗೆ ನಂಬರು ಸುರಿದಳು. ಅಪ್ಪ ಫೋನ್ ಮಾಡಿದ. ಎಲ್ಲರೂ ಸುತ್ತ ನಿಂತರು.

"ಹಲೋ ಸರ್, ಬೋರ್ಡ್ ನೋಡಿದ್ವಿ... ಹೌದಾ?... ಓ, ಬಾಡಿಗೆ ಏರಿಸಿದ್ದಕ್ಕೆ ಈಗಿರೋರು ಯೋಚನೆ ಮಾಡ್ತಿದಾರಾ... ಎರಡು ದಿನ ಟೈಮ್ ಕೇಳಿದಾರಾ..."

ಅಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದು ಅಮ್ಮನ ಮುಖ ನೋಡಿದ. ಅಮ್ಮ ಬೇಕರಿಯಲ್ಲಿ ಕೇಕುಗಳ ಮೇಲೆ ಹೆಸರು ಬರೆಯುವವಳು. "ನಾನು ಬೆಳಗಿನ ಶಿಫ್ಟೂ ಮಾಡ್ತೀನಿ," ಅಂದಳು ಮೆಲ್ಲಗೆ.

ಬುಗುರಿಗೆ ತಡೆಯಲಾಗಲಿಲ್ಲ. "ಜಾಸ್ತಿ ಕೊಡ್ತೀವಿ ಅಂತ ಹೇಳಪ್ಪಾ! ಹೇಳು! ಪ್ಲೀಸ್, ಪ್ಲೀಸ್, ಪ್ಲೀಸ್!"

ಅಪ್ಪ ಗಂಟಲು ಸರಿಮಾಡಿಕೊಂಡ. "ಸರ್, ನಾವು ಸ್ವಲ್ಪ ಜಾಸ್ತೀನೇ ಕೊಡ್ತೀವಿ. ಮನೆ ನಮಗೇ ಇರಲಿ."

ಗುಂಡು ಫೋನಿನ ಹತ್ತಿರ ಕಿವಿ ತಂದ. ಆಮೇಲೆ ಅಪ್ಪ ತಲೆ ಆಡಿಸಿದ.

"ಸಿಕ್ತು!" ಬುಗುರಿ ಕಿರುಚಿದ್ದು ಮೇಲಿನ ಮನೆಗೂ ಕೇಳಿಸಿರಬೇಕು. ಗುಂಡುವಿನ ಎರಡೂ ಕೈ ಹಿಡಿದು ಗರಗರ ತಿರುಗಿದಳು. ಅಪ್ಪ ಮಾತ್ರ ಫೋನನ್ನೇ ನೋಡುತ್ತಾ ಕೂತಿದ್ದ. ಅದನ್ನೆಲ್ಲ ಗಮನಿಸೋಕೆ ಬುಗುರಿಗೆ ಪುರುಸೊತ್ತೆಲ್ಲಿ!

ಮನೆ ಬದಲಿಸುವ ದಿನ ಅಂದರೆ ಏನು ಗಲಾಟೆ, ಏನು ಸಂಭ್ರಮ! ಮಿನಿ ಲಾರಿ ಬಂತು. ಮಂಚ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಗುಂಡು ತಾನೇ ಡ್ರೈವರ್ ಅನ್ನುವ ಹಾಗೆ "ರೈಟ್, ರೈಟ್, ಬರ್ಲಿ, ಬರ್ಲಿ!" ಅಂತ ಕೂಗಿದ. ಓನರ್ ಅಜ್ಜಿ ಮೇಲಿನಿಂದ ಕೈ ಬೀಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಬುಗುರಿಗೆ ಅವರ ಮೇಲೆ ಸಿಟ್ಟು ಮಾಡಿಕೊಂಡಿರಬೇಕು ಅಂತ ಇತ್ತು, ಆದರೂ ಕೈ ತಾನಾಗಿ ಮೇಲೆದ್ದು ಟಾಟಾ ಮಾಡಿತು.

ಗಲ್ಲಿಯ ತುದಿಯಲ್ಲಿ ಇನ್ನೊಂದು ಲಾರಿ ಎದುರಾಯಿತು. ಸಾಮಾನು ತುಂಬಿದ ಲಾರಿ.

"ಅಕ್ಕಾ! ಯಾರೋ ಬಂದ!" ಗುಂಡು ಅಪ್ಪನ ತೊಡೆಯ ಮೇಲೆ ಎದ್ದು ನಿಂತ.

ಬುಗುರಿ ನಾಲಿಗೆ ಚಾಚೋಕೆ ರೆಡಿಯಾದಳು. ಆ ಲಾರಿಯಲ್ಲಿ ಕೂತಿದ್ದವರು ದಪ್ಪ ಕನ್ನಡಕದ ಒಬ್ಬ ಬಡಕಲು ಮನುಷ್ಯ, ತೂಕಡಿಸುತ್ತಿದ್ದ ಹೆಂಡತಿ, ಮಡಿಲಲ್ಲಿ ಪಾಪು. ಹಿಂದೆ ಅವರದೂ ಇವರದರಂಥದ್ದೇ ಹಾಸಿಗೆ, ಬಕೆಟ್ಟು, ಸ್ಟೂಲು. ಆ ಮನುಷ್ಯ ತಾವೇ ಇಳಿದು, ತಮ್ಮ ಲಾರಿಯನ್ನು ಹಿಂದೆ ತೆಗೆಸಿ ಇವರಿಗೆ ದಾರಿ ಬಿಡಿಸಿದರು.

"ಮೀಸೆನೇ ಇಲ್ಲ!" ಅಂದ ಗುಂಡು. ಅವನಿಗೆ ಮೋಸವಾದ ಹಾಗಿತ್ತು.

ಬುಗುರಿ ನಾಲಿಗೆ ಚಾಚಿದಳು. ಆದರೆ ಅರ್ಧಂಬರ್ಧ.

ಹೊಸ ಮನೆ ತಲುಪಿದ ಮೇಲೆ ಅದೆಲ್ಲ ಮರೆತೇಹೋಯಿತು. ಅಬ್ಬಬ್ಬಾ, ಏನು ಬೆಳಕು! ನಲ್ಲಿ ತಿರುಗಿಸಿದರೆ ಭರ್ರೋ ಅಂತ ನೀರು. ಬಾಲ್ಕನಿಯಿಂದ ಇಣುಕಿದರೆ ಸ್ಕೂಲಿನ ಮೈದಾನ, ಅದರಲ್ಲಿ ಬುಗುರಿ ಓಡುವ ಬಿಳಿ ಗೆರೆ. ಅಕ್ಕ ತಮ್ಮ ಖಾಲಿ ರೂಮುಗಳಲ್ಲಿ "ಓಯ್!" ಅಂತ ಕೂಗಿ, ಗೋಡೆ ತಿರುಗಿ "ಓಯ್!" ಅನ್ನುವುದನ್ನು ಕೇಳಿ ಬಿದ್ದು ಬಿದ್ದು ನಕ್ಕರು.

ಸಂಜೆ ಗೇಟಿನ ಸದ್ದಾಯಿತು. ಬುಗುರಿ ದಡದಡ ಮೆಟ್ಟಿಲಿಳಿದಳು.

ಗೇಟಿನಾಚೆ ಒಬ್ಬ ಹುಡುಗಿ ನಿಂತಿದ್ದಳು. ಈ ಮುಖ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು ಬುಗುರಿಗೆ. ಹೌದು, ಸ್ಕೂಲಲ್ಲೇ! ನಾಲ್ಕನೇ ಕ್ಲಾಸು. ನೀರು ಕುಡಿಯುವ ನಲ್ಲಿಯ ಹತ್ತಿರ ಎಷ್ಟೋ ಸಲ ಕಂಡಿದ್ದಾಳೆ. ಮಾತಾಡಿಸಿರಲಿಲ್ಲ ಅಷ್ಟೆ.

"ನಮ್ಮ ಬಾಲು ಸಜ್ಜಾ ಮೇಲಿದೆ," ಅಂದಳು ಹುಡುಗಿ. "ತಗೋಬಹುದಾ?"

"ಓ, ತಗೊಡ್ತೀನಿ, ಇರು!" ಬುಗುರಿ ಮೇಲೆ ಓಡಿದಳು. ಬಾಲ್ಕನಿಯಿಂದ ಕೋಲು ಚಾಚಿ ಬಾಲನ್ನು ಕೆಳಕ್ಕೆ ತಳ್ಳಿದಳು. ಮತ್ತೆ ದಡದಡ ಇಳಿದು ಬಂದಳು. "ಈ ಮನೇಲಿ ನೀವಾ ಇದ್ದಿದ್ದು? ಎಷ್ಟು ಚೆನ್ನಾಗಿದೆ! ಯಾಕೆ ಬಿಟ್ರಿ?"

ಹುಡುಗಿ ಬಾಲಿಗೆ ಅಂಟಿದ್ದ ದೂಳನ್ನು ಫ್ರಾಕಿಗೆ ಒರೆಸಿದಳು.

"ಯಾರೋ ಜಾಸ್ತಿ ಬಾಡಿಗೆ ಕೊಡ್ತೀವಿ ಅಂದ್ರಂತೆ," ಅಂದಳು. "ಅಪ್ಪ ಎರಡು ದಿನ ಟೈಮ್ ಕೇಳಿತ್ತು. ಈಗ ದೊಡ್ಡಮ್ಮನ ಮನೇಲಿದೀವಿ. ತುಂಬ ದೂರ. ಅಪ್ಪನ ಜೊತೆ ಬಸ್ಸಲ್ಲಿ ಬಂದೆ. ಸೋಮವಾರದಿಂದ ಅಲ್ಲಿನ ಸ್ಕೂಲು."

ಬುಗುರಿ ಗೇಟಿನ ಸರಳು ಹಿಡಿದುಕೊಂಡಳು. ಜಾಸ್ತಿ ಕೊಡ್ತೀವಿ ಅಂತ ಹೇಳಪ್ಪಾ ಅಂತ ಕುಣಿದಿದ್ದು ನೆನಪಾಯಿತು. ತಾರಸಿಯ ಟ್ಯಾಂಕಿನ ಮೇಲೆ ಬರೆದ ಆ ಮೂಗು, ಆ ಕೋರೆಹಲ್ಲು, ಆ ಮೀಸೆ ಎಲ್ಲ ಕಣ್ಣ ಮುಂದೆ ಬಂತು. ಕನ್ನಡಕದ ಆ ಮನುಷ್ಯ ಲಾರಿಯಿಂದ ಇಳಿದು ದಾರಿ ಬಿಡಿಸಿದ್ದೂ ನೆನಪಾಯಿತು.

ಹುಡುಗಿ ಬಾಲ್ಕನಿಯ ಕಡೆಗೇ ನೋಡುತ್ತಿದ್ದಳು. ಈಗ ಅಲ್ಲಿ ಬುಗುರಿಯ ಯೂನಿಫಾರ್ಮ್ ಒಣಗುತ್ತಿತ್ತು.

"ಅಕ್ಕಾ!" ಮೇಲಿನಿಂದ ಗುಂಡು ಕೂಗಿದ. "ಯಾರು ಬಂದಿರೋದು?"

ಯಾರೋ ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಬುಗುರಿ ಅದನ್ನು ನುಂಗಿಕೊಂಡಳು. ಗೇಟಿನ ಚಿಲಕ ತೆಗೆದಳು.

"ನಿನ್ನ ಹೆಸರೇನು?" ಅಂತ ಕೇಳಿದಳು.