ಡೆಸಂಕಾಳ ಅಂಗಳದಲ್ಲಿ ನಿಂತ ಕಾರು

ರಾದಿವೊಯೆ ತೀರಿಕೊಂಡ ಮೂವತ್ತೊಂಬತ್ತನೇ ದಿನ. ಮರುದಿನ, ನಲವತ್ತನೇ ದಿನದ ಕರ್ಮಕ್ಕೆ, ಅವನ ಹೆಂಡತಿ ಡೆಸಂಕಾ ಅವನದೇ ಕಾರಿನಲ್ಲಿ ಬೆಟ್ಟದ ಮೇಲಿನ ಸಮಾಧಿಗೆ ಹೋಗಬೇಕಿತ್ತು. ಆದರೆ ಗೇರ್‌ಬಾಕ್ಸ್ ನರಳುತ್ತಿತ್ತು. ಕಿಟಕಿಯಿಂದ ಕೈಹಾಕಿ ಎಂಜಿನ್ ಚಾಲೂ ಮಾಡಿ, ಕಾರಿನಡಿ ತೂರಿ, ಗೇರ್‌ಬಾಕ್ಸಿಗೆ ಸ್ಕ್ರೂಡ್ರೈವರ್ ಒತ್ತಿ ಅದರ ಹಿಡಿಗೆ ಕಿವಿಗೊಟ್ಟೆ.

"ಅಕ್ಕಾ, ಕ್ಲಚ್ ಒತ್ತು!" ಸೀಟಲ್ಲಿ ಯಾರಿದ್ದಾರೆಂದು ನೋಡದೆ, ನನ್ನ ಗ್ಯಾರೇಜಿನ ರೂಢಿಯಂತೆ ಕೂಗಿದೆ. ಸದ್ದು ನಿಂತಿತು.

"ಬಿಡು!" ಮತ್ತೆ ಶುರುವಾಯಿತು.

"ಇನ್ನೊಮ್ಮೆ ಒತ್ತು!" ನಿಂತಿತು. ಬೇರಿಂಗ್ ಸವೆದಿದೆ ಎಂದುಕೊಂಡು ಹೊರಬಂದೆ.

ಡೆಸಂಕಾ ಅಡುಗೆಮನೆಯಿಂದ ಕಾಫಿ ತರುತ್ತಿದ್ದಳು. "ಯಾರನ್ನ ಕೂಗ್ತಿದ್ಯೋ? ನಲವತ್ತು ದಿನ ತುಂಬೋತನಕ ಅವನ ಸೀಟಲ್ಲಿ ಯಾರೂ ಕೂರಬಾರ್ದು ಅಂತ ಗೊತ್ತಿಲ್ವೇನೋ, ಪೆದ್ದ? ನಾಳೆ ಬೆಟ್ಟ ಹತ್ತುತ್ತಾ, ಅದು ಹೇಳು."

ಸೀಟು ಖಾಲಿಯಿತ್ತು. ಕ್ಲಚ್ ಪೆಡಲು ಮಾತ್ರ ಒತ್ತಿಕೊಂಡೇ ಇತ್ತು.

ಅವಳಿಗೆ ಕೇಳಿಸದಂತೆ, "ಬಿಡು, ರಾದಿವೊಯೆ" ಎಂದೆ.

ಪೆಡಲು ಮೆಲ್ಲಗೆ ಮೇಲೆ ಬಂತು. ಗೇರ್‌ಬಾಕ್ಸ್ ಮತ್ತೆ ನರಳತೊಡಗಿತು.